ಶಟರ್ ಇಳಿಯದಿದ್ದರೆ ತಪ್ಪು ಕಾರಿನದ್ದೇ?

ಹೊಸ ಕಾರು ಬಂದ ತಿಂಗಳಲ್ಲೇ ಕಾರ್ ಶೆಡ್ಡಿನ ಶಟರ್ ಹಟ ಹಿಡಿದರೆ ಎಲ್ಲರ ಬೆರಳೂ ಕಾರಿನ ಕಡೆಗೇ ಹೋಗುತ್ತದೆ. ತಿಪಟೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲೂ ಹಾಗೇ ಆಯಿತು. ಕಳೆದ ದೀಪಾವಳಿ ಹೊತ್ತಿಗೆ ಗೃಹಪ್ರವೇಶ, ಯುಗಾದಿಗೆ ಕಾರು. ಶೆಡ್ಡಿಗೆ ರಿಮೋಟ್ ಒತ್ತಿದರೆ ಏಳುವ, ಇಳಿಯುವ ಶಟರ್. ಚಳಿಗಾಲವೆಲ್ಲ ಚೆನ್ನಾಗಿತ್ತು. ಏಪ್ರಿಲ್ ಕಳೆಯುತ್ತಿದ್ದಂತೆ ಎರಡು ಕಾಟ ಶುರುವಾದವು. ಭಾವ ಸಂಜೆ ಕಾರು ಒಳಗೆ ನಿಲ್ಲಿಸಿ ರಿಮೋಟ್ ಒತ್ತಿದರೆ ಶಟರ್ ಒಂದೆರಡು ಅಡಿ ಇಳಿದು ವಾಪಸ್ ಮೇಲೆ ಹೋಗುತ್ತಿತ್ತು. ಇನ್ನೊಂದು, ಮೊದಲು ಬೈಕಿನಲ್ಲಿ ಬರುವಾಗ ರಸ್ತೆ ತಿರುವಿನಿಂದಲೇ ಕೆಲಸ ಮಾಡುತ್ತಿದ್ದ ರಿಮೋಟ್, ಕಾರೊಳಗೆ ಕೂತು ಒತ್ತಿದರೆ ಶಟರ್ ಮುಂದಕ್ಕೆ ಬರುವವರೆಗೂ ಸುಮ್ಮನಿರುತ್ತಿತ್ತು.

'ಈ ಕಾರಿಗೆ ಮೈಯೆಲ್ಲಾ ಸೆನ್ಸರ್ ಕಣೋ. ಅದೂ ಇದೂ ಜಗಳ ಆಡ್ತಾವೆ' ಅಂತ ಭಾವನ ತೀರ್ಪು.

ಸೆನ್ಸರ್ ಅನ್ನುವ ಒಂದೇ ಪದದೊಳಗೆ ನಾವು ಬೇರೆ ಬೇರೆ ಜಾತಿಯ ಸಾಮಾನು ತುಂಬುತ್ತೇವೆ. ಕಾರಿನ ಹಿಂದಿನ ಬಂಪರ್‌ನಲ್ಲಿ ಅಂಗಿ ಗುಂಡಿಯ ಹಾಗೆ ಕಾಣುವವು ಶಬ್ದದಿಂದ ಕೆಲಸ ಮಾಡುತ್ತವೆ. ಬಾವಲಿಯಂತೆ ಸದ್ದು ಹೊರಡಿಸಿ, ಅದು ಗೋಡೆಗೆ ಬಡಿದು ಬರುವ ಹೊತ್ತು ಲೆಕ್ಕ ಹಾಕುತ್ತವೆ. ಆ ಸದ್ದು ಸಾಮಾನ್ಯವಾಗಿ 40 ಕಿಲೋಹರ್ಟ್ಸ್ ಆಸುಪಾಸು. ಮನುಷ್ಯರ ಕಿವಿಗೆ ಕೇಳುವುದು 20ರವರೆಗೆ ಮಾತ್ರ. ಶಟರ್ ಪಕ್ಕ, ನೆಲದಿಂದ ಗೇಣೆತ್ತರದಲ್ಲಿ, ಆ ಕಡೆ ಒಂದು ಈ ಕಡೆ ಒಂದು ಎದುರುಬದುರು ಇರುವ ಪುಟ್ಟ ಡಬ್ಬಿಗಳು ಬೆಳಕಿನವು. ಟಿವಿ ರಿಮೋಟಿನಲ್ಲಿ ಇರುವಂಥದ್ದೇ ಕಣ್ಣಿಗೆ ಕಾಣದ ಬೆಳಕನ್ನು ಒಂದು ಡಬ್ಬಿ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. (ಟಿವಿ ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ಹಿಡಿದು ಒತ್ತಿ ನೋಡಿ. ಹೆಚ್ಚಿನ ಫೋನ್‌ಗಳಲ್ಲಿ ಆ ಬೆಳಕು ಮಿಣುಕುವುದು ಕಾಣುತ್ತದೆ.) ನಡುವೆ ನಾಯಿಯೋ ಮಗುವೋ ಬಂದು ಬೆಳಕು ಕಡಿದರೆ, ಇಳಿಯುತ್ತಿರುವ ಶಟರ್ ವಾಪಸ್ ಏಳಬೇಕು. ಶಬ್ದದ ಸೆನ್ಸರ್ ಎಷ್ಟೇ ಕೂಗಿದರೂ ಬೆಳಕಿನದ್ದಕ್ಕೆ ಕೇಳುವುದಿಲ್ಲ.

ರೇಡಿಯೋ ಮಾತು ಬೇರೆ. ನಮ್ಮಲ್ಲಿ 433 ಮೆಗಾಹರ್ಟ್ಸ್ ಹತ್ತಿರದ ಪಟ್ಟಿ ಊರ ಹೊರಗಿನ ಗೋಮಾಳದ ಹಾಗೆ. ಕಡಿಮೆ ಶಕ್ತಿಯ ಸಾಮಾನಿಗೆ ಅಲ್ಲಿ ಲೈಸೆನ್ಸ್ ಬೇಡ. ಕಾರಿನ ಕೀ, ಟೈರಿನ ಗಾಳಿ ಅಳೆಯುವ ಸೆನ್ಸರ್, ಎಷ್ಟೋ ಗೇಟ್ ರಿಮೋಟ್, ಕಾಲಿಂಗ್ ಬೆಲ್, ಎಲ್ಲವೂ ಮೇಯುವುದು ಅಲ್ಲೇ. ಹಾಗಂತ ಟೈರಿನ ಸೆನ್ಸರ್ ಮೇಲೆ ಅನುಮಾನ ಪಡುವುದೂ ಕಷ್ಟ. ಅದರ ಬ್ಯಾಟರಿ ವರ್ಷಗಟ್ಟಲೆ ಬಾಳಬೇಕು. ಆದ್ದರಿಂದ ಗಾಡಿ ಓಡುವಾಗ ಆಗೊಮ್ಮೆ ಈಗೊಮ್ಮೆ ಚುಟುಕಾಗಿ ಸುದ್ದಿ ಕಳಿಸಿ, ನಿಂತಾಗ ಬಹುಮಟ್ಟಿಗೆ ಸುಮ್ಮನಿರುತ್ತದೆ.

ಲೈಸೆನ್ಸ್ ಇಲ್ಲದ ಜಾಗದ ತೊಂದರೆ ಅಮೆರಿಕದವರಿಗೂ ಗೊತ್ತು. 2004ರಲ್ಲಿ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಲ್ಲಿ ಹೊಸ ರೇಡಿಯೋ ವ್ಯವಸ್ಥೆ ಶುರುಮಾಡಿದಾಗ ಸುತ್ತಲಿನ ಮನೆಗಳ ಗ್ಯಾರೇಜ್ ಬಾಗಿಲುಗಳ ರಿಮೋಟ್ ಕೈಕೊಟ್ಟವು. ಎರಡೂ 390 ಮೆಗಾಹರ್ಟ್ಸ್ ಸುತ್ತಮುತ್ತಲಿನವು. ಆ ಪಟ್ಟಿ ಮೊದಲಿಂದಲೂ ಸರ್ಕಾರದ್ದು, ಗ್ಯಾರೇಜ್ ರಿಮೋಟುಗಳು ಅಲ್ಲಿ ಬಾಡಿಗೆ ಕೊಡದೆ ಕೂತವು. ದೂರು ಕೊಡಲು ಜಾಗವಿರಲಿಲ್ಲ.

ನಮ್ಮ ಭಾವನ ರಿಮೋಟಿಗೆ ಅಷ್ಟು ದೊಡ್ಡ ಶತ್ರು ಬೇಕಿರಲಿಲ್ಲ. ಕಾರಿನ ಲೈಟರ್ ತೂತಿಗೆ ಸಂತೆಯಲ್ಲಿ ಕೊಂಡ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದರು. ಅದನ್ನು ಕಿತ್ತು ಸೀಟಿನ ಮೇಲಿಟ್ಟು ತಿರುವಿನಲ್ಲಿ ಒತ್ತಿದೆವು, ಶಟರ್ ಎದ್ದಿತು. ಮತ್ತೆ ಸಿಕ್ಕಿಸಿದೆವು, ಏಳಲಿಲ್ಲ. ಅಗ್ಗದ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬ್ ಒಳಗಿನ ಸರ್ಕ್ಯೂಟ್ ರೇಡಿಯೋ ಗಲಾಟೆ ಎಬ್ಬಿಸುತ್ತದೆ, ಆ ಸಂತೆಯಲ್ಲಿ ರಿಮೋಟಿನ ಸಣ್ಣ ದನಿ ಮುಳುಗುತ್ತದೆ. ಅಲ್ಲಿಗೆ ಒಂದು ಮುಗಿಯಿತು.

ಇನ್ನೊಂದನ್ನು ನಾನು ಹೋಗುವಷ್ಟರಲ್ಲಿ ಆಗಲೇ 'ರಿಪೇರಿ' ಮಾಡಿಯಾಗಿತ್ತು. ಶಟರ್ ಹಾಕಿದ ಅಂಗಡಿಯ ಹುಡುಗ ಬಂದು, ಹತ್ತು ನಿಮಿಷ ನೋಡಿ, ಬೆಳಕು ಹಿಡಿಯುವ ಡಬ್ಬಿಯಿಂದ ಬರುವ ಎರಡು ವೈರ್ ಬಿಚ್ಚಿ, ಒಂದಕ್ಕೊಂದು ಹೊಸೆದು ಟೇಪ್ ಸುತ್ತಿ ಹೋಗಿದ್ದ. ಹಾಗೆ ಮಾಡಿದರೆ ಮೋಟರಿನ ಬೋರ್ಡಿಗೆ ದಾರಿ ಸದಾ ಖಾಲಿಯಿದೆ ಅನ್ನಿಸುತ್ತದೆ. ಶಟರ್ ಸರಾಗವಾಗಿ ಇಳಿಯುತ್ತಿತ್ತು. ಭಾವನಿಗೆ ಖುಷಿ.

ಅಕ್ಕನ ಮಗಳಿಗೆ ನಾಲ್ಕು ವರ್ಷ. ಅಪ್ಪನ ಕಾರಿನ ಹಾರನ್ ಕೇಳಿದರೆ ಹಿತ್ತಲಲ್ಲಿದ್ದರೂ ಓಡಿ ಬಂದು ಶಟರ್ ಕೆಳಗೆ ನುಸಿಯುವುದು ಅವಳ ಆಟ. ಚಾರ್ಜರ್ ಕಿತ್ತ ಮೇಲೆ ಭಾವ ಮತ್ತೆ ತಿರುವಿನಿಂದಲೇ ರಿಮೋಟ್ ಒತ್ತುವಂತಾಗಿದ್ದರು. ಬೆಳಿಗ್ಗೆ ಹೊರಟಾಗಲೂ ಅಷ್ಟೇ, ಕಾರು ರಸ್ತೆಗೆ ಹತ್ತಿದ ಮೇಲೆ ಹಿಂತಿರುಗಿ ನೋಡದೆ ಒತ್ತುವುದು.

ನಾನು ಏನೂ ಹೇಳದೆ ಒಂದು ಹಳೆ ತೆಂಗಿನಕಾಯಿ ಬುಟ್ಟಿ ತಂದು ಶಟರ್ ಕೆಳಗೆ ಇಟ್ಟು ಒತ್ತಿದೆ. ಶಟರ್ ಬುಟ್ಟಿಯ ಮೇಲೆ ಬಂದು ಕೂತಿತು. ನಿಲ್ಲಲಿಲ್ಲ, ಏಳಲಿಲ್ಲ. ಬೆತ್ತ ಲಟಲಟ ಮುರಿದು ಬುಟ್ಟಿ ಚಪ್ಪಟೆಯಾಯಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಮಗುವನ್ನು ಎತ್ತಿಕೊಂಡಳು.

'ನಾನು ನೋಡ್ಕೊಂಡೇ ಒತ್ತೋದು' ಅಂದರು ಭಾವ.

'ತಿರುವಿನಿಂದ ಏನು ಕಾಣುತ್ತೆ ನಿಮಗೆ?' ಅಂತ ಕೇಳಿದ್ದು ನಾನಲ್ಲ, ಅಕ್ಕ.

ಮಕ್ಕಳು ಸಿಕ್ಕಿ ಸತ್ತ ಮೇಲೆಯೇ ಅಮೆರಿಕದಲ್ಲಿ ಕಾನೂನು ಬಂದಿದ್ದು. ಅಲ್ಲಿ 1993ರ ಜನವರಿಯಿಂದ ತಯಾರಾಗುವ ಮನೆಬಳಕೆಯ ಗ್ಯಾರೇಜ್ ಬಾಗಿಲಿನ ಮೋಟರುಗಳಿಗೆ, ಏನಾದರೂ ಅಡ್ಡ ಸಿಕ್ಕರೆ ವಾಪಸ್ ಏಳುವ ವ್ಯವಸ್ಥೆಯ ಜೊತೆಗೆ ಇಂಥ ಕಣ್ಣೋ ಅಂಚಿನ ಸೆನ್ಸರೋ ಇರಲೇಬೇಕು. ಕಣ್ಣನ್ನು ನೆಲದಿಂದ ಆರು ಇಂಚಿಗಿಂತ ಮೇಲೆ ಹಾಕುವಂತಿಲ್ಲ, ಮಲಗಿದ ಮಗುವೂ ಕಾಣಬೇಕು ಅಂತ. ನಮ್ಮ ಪೇಟೆಗಳಲ್ಲಿ ನಾನು ನೋಡಿದ ಮೋಟರ್ ಶಟರ್‌ಗಳಲ್ಲಿ ಎಷ್ಟಕ್ಕೋ ಕಣ್ಣೇ ಇಲ್ಲ. ಇದ್ದರೆ ಹೀಗೆ ವೈರ್ ಹೊಸೆದಿರುತ್ತದೆ. ಸುದ್ದಿ ಕಳಿಸುವಾಗ ನಾವು 'ಆಕಸ್ಮಿಕವಾಗಿ' ಅಂತ ಒಂದು ಪದ ಸೇರಿಸುತ್ತೇವೆ. ಆ ಪದ ಬರೆಯುವ ಮುಂಚೆ ಯಾರು ಯಾವ ವೈರ್ ಹೊಸೆದರು ಅಂತ ಕೇಳಬೇಕು ಅನ್ನಿಸುತ್ತದೆ.

ಟೇಪ್ ಬಿಚ್ಚಿ ವೈರ್ ಮೊದಲಿನಂತೆ ಹಾಕಿದೆವು. ಆಮೇಲೆ ಅಕ್ಕ ನಾಲ್ಕು ದಿನ ಕ್ಯಾಲೆಂಡರ್ ಮೇಲೆ ಗುರುತು ಹಾಕಿದಳು. ಬೆಳಿಗ್ಗೆ ಒಂದು ಸಲವೂ ಹಟವಿಲ್ಲ. ಸಂಜೆ ಐದರ ಮೇಲೆ ಮಾತ್ರ. ಒಂದು ಸಂಜೆ ಮೋಡ ಕವಿದಿತ್ತು, ಅವತ್ತು ಸಲೀಸಾಗಿ ಇಳಿದಿತ್ತು. ಐದನೇ ದಿನ ಸಂಜೆ ಕಾರನ್ನು ಶೆಡ್ಡಿಗೆ ತರಲೇ ಇಲ್ಲ, ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿ ಬಂದೆವು. ಐದೂವರೆಗೆ ಒತ್ತಿದರೆ ಶಟರ್ ಇಳಿಯಲು ಹೋಗಿ ವಾಪಸ್ ಎದ್ದಿತು. ಕಾರು ನಿರಪರಾಧಿ.

ಅವರ ಮನೆ ಉತ್ತರ ದಿಕ್ಕಿನದು. ಬೆಳಕು ಹಿಡಿಯುವ ಡಬ್ಬಿ ಶಟರಿನ ಪೂರ್ವದ ಪಕ್ಕದಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ಕೂತಿದೆ. ಚಳಿಗಾಲದಲ್ಲಿ ಸೂರ್ಯ ಮುಳುಗುವುದು ನೈಋತ್ಯದ ಕಡೆ, ಮನೆಯ ನೆರಳೇ ಡಬ್ಬಿಯನ್ನು ಕಾಯುತ್ತಿತ್ತು. ಮಾರ್ಚ್ 21 ದಾಟಿದ ಮೇಲೆ ಅವನು ದಿನದಿನವೂ ವಾಯವ್ಯಕ್ಕೆ ಸರಿಯುತ್ತಾನೆ. ಸಂಜೆ ಬಿಸಿಲು ನೇರ ಡಬ್ಬಿಯ ಕಣ್ಣಿಗೆ ಹೊಡೆಯುತ್ತದೆ. ಬಿಸಿಲಲ್ಲೂ ಕಾಣದ ಆ ಬೆಳಕು ಹೇರಳ, ಅಷ್ಟರ ನಡುವೆ ಎದುರು ಡಬ್ಬಿಯ ಮಿಣುಕು ಗೊತ್ತಾಗುವುದಿಲ್ಲ. ಯಾರೋ ಅಡ್ಡ ಬಂದರು ಅಂತ ಬೋರ್ಡ್ ಶಟರ್ ಎತ್ತುತ್ತದೆ. ಕಾರು ಬಂದಿದ್ದೂ, ಬಿಸಿಲು ತಿರುಗಿದ್ದೂ ಒಂದೇ ಯುಗಾದಿಯ ಸುಮಾರಿಗೆ. ಶಟರ್ ಹಾಕಿದ ಮೇಲೆ ಅದು ಮೊದಲ ಬೇಸಿಗೆ.

ಅಕ್ಕ ಅಡುಗೆಮನೆಯಿಂದ ಮೊರ ತಂದು ಡಬ್ಬಿಯ ಮೇಲೆ ನೆರಳಾಗುವಂತೆ ಹಿಡಿದಳು. ಭಾವ ಒತ್ತಿದರು. ಶಟರ್ ನೆಲಕ್ಕೆ ಬಂತು.

ಮೊದಲು ಡಬ್ಬಿಗೆ ಪಿವಿಸಿ ಪೈಪಿನ ತುಂಡು ಟೋಪಿಯಂತೆ ಸಿಕ್ಕಿಸಿದೆವು. ಬಹಳ ಮಟ್ಟಿಗೆ ಸರಿಹೋಯಿತು, ಸೂರ್ಯ ಮುಳುಗುವ ಕೊನೆಯ ಹೊತ್ತಿನಲ್ಲಿ ಮಾತ್ರ ಮತ್ತದೇ ರಾಗ. ಕೊನೆಗೆ ಪರಿಚಯದ ಎಲೆಕ್ಟ್ರಿಷಿಯನ್ ಕರೆದು ಎರಡೂ ಡಬ್ಬಿಗಳನ್ನು ಅದಲು ಬದಲು ಮಾಡಿಸಿದೆವು. ಈಗ ಬೆಳಕು ಹಿಡಿಯುವುದು ಪಶ್ಚಿಮದ ಪಕ್ಕದಲ್ಲಿದೆ, ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲಿಗೆ ಪಕ್ಕದ ಮನೆಯ ಗೋಡೆ ಅಡ್ಡವಿದೆ. ಮತ್ತೆ ಬುಟ್ಟಿ ಇಟ್ಟು ನೋಡಿದೆವು, ಈ ಸಲ ಮುಟ್ಟುವ ಮೊದಲೇ ಶಟರ್ ವಾಪಸ್ ಎದ್ದಿತು. ಭಾವ ಅದನ್ನು ನಾಲ್ಕು ಸಲ ಮಾಡಿಸಿ ನೋಡಿದರು.

ಶಟರ್ ಅಂಗಡಿಯ ಹುಡುಗನಿಗೂ ಫೋನ್ ಮಾಡಿ ಹೇಳಿದೆ. ಜಗಳಕ್ಕೆ ಬಂದೆ ಅಂದುಕೊಂಡು ಮೊದಲು ಬಿಗಿಯಾಗೇ ಮಾತಾಡಿದ. ಬಿಸಿಲಿನ ವಿಷಯ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾದ.

'ಸಾರ್, ಈ ಬೇಸಿಗೇಲಿ ಇನ್ನೂ ಮೂರು ಮನೆಗೆ ಹಂಗೇ ವೈರ್ ಸೇರಿಸಿದೀನಿ. ಅವ್ರೂ ಸಂಜೆ ಹೊತ್ತು ಅಂತಲೇ ಅಂದಿದ್ರು.'

ಭಾನುವಾರ ಅಂಗಡಿ ರಜೆ, ಅವತ್ತು ಮೂರೂ ಕಡೆ ಹೋಗಿ ಬರುತ್ತೇನೆ ಅಂದಿದ್ದಾನೆ.