ಹೊಳೆಯೊಳಗೆ ಕಂಡ ಗದ್ದೆ

ಶೇಪ್‌ಫೈಲ್ ಅನ್ನೋ ಹೆಸರು ಒಂದೇ ಆದ್ರೂ ಅದು ಒಂದೇ ಫೈಲ್ ಅಲ್ಲ. ಆಕಾರ ಇರೋದು ಎಸ್‌ಎಚ್‌ಪಿಯಲ್ಲಿ, ಅದರ ಸೂಚಿ ಎಸ್‌ಎಚ್‌ಎಕ್ಸ್‌ನಲ್ಲಿ, ಹೆಸರು-ನಂಬರು ಡಿಬಿಎಫ್‌ನಲ್ಲಿ. ಯಾವ ಅಳತೆಯ ನಕ್ಷೆ ಅಂತ ಹೇಳೋ ಚೀಟಿ ಪಿಆರ್‌ಜೆ. ವಾಟ್ಸಾಪ್‌ನಲ್ಲಿ ಎಸ್‌ಎಚ್‌ಪಿ ಒಂದನ್ನೇ ಕಳಿಸಿ ‘ಮ್ಯಾಪ್ ಕಳಿಸಿದೀನಿ ನೋಡಿ’ ಅನ್ನೋರು ನಿಮಗೂ ಸಿಕ್ಕಿರಬಹುದು.

ನಾನು ದಾವಣಗೆರೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಡೇಟಾ ಕೆಲಸ ಮಾಡ್ತೀನಿ, ದಿನಾ ಆರ್ ಭಾಷೆಯಲ್ಲಿ. ಅದರ ಎಸ್‌ಎಫ್ ಪ್ಯಾಕೇಜ್ 2016ರಲ್ಲಿ ಬಂದ ಮೇಲೆ ನಕ್ಷೆ ಓದೋದು ಒಂದು ಸಾಲಿನ ಕೆಲಸ: ‘ಎಸ್‌ಟಿ ರೀಡ್’. ಓದಿದ ಮೇಲೆ ನಕ್ಷೆ ಮಾಮೂಲಿ ಟೇಬಲ್ ಥರಾನೇ ಕಾಣುತ್ತೆ, ಕೊನೆ ಕಾಲಮ್ಮಲ್ಲಿ ಆಕಾರ ಇರುತ್ತೆ ಅಷ್ಟೇ.

ಆದ್ರೆ ಫೈಲ್ ತೆರೆದುಕೊಂಡಿತು ಅಂದ ಮಾತ್ರಕ್ಕೆ ನಂಬೋಕಾಗಲ್ಲ. ನಮ್ಮ ಜಿಲ್ಲೆಯನ್ನೇ ನೋಡಿ. 1997ರಲ್ಲಿ ಹೊಸ ಜಿಲ್ಲೆಯಾದಾಗ ಹರಪನಹಳ್ಳಿ ನಮ್ಮ ಕಡೆ ಬಂತು, ಆಮೇಲೆ ಬಳ್ಳಾರಿಗೆ ವಾಪಸ್ ಹೋಯ್ತು, ಈಗ ವಿಜಯನಗರದಲ್ಲಿದೆ. 2011ರ ಜನಗಣತಿಯ ನಕ್ಷೆಯಲ್ಲಿ ದಾವಣಗೆರೆಗೆ ಆರು ತಾಲ್ಲೂಕು. ಈಗಲೂ ಆರೇ, ಯಾಕಂದ್ರೆ ಹರಪನಹಳ್ಳಿ ಹೋದಂಗೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯ್ತು. ಎಣಿಸಿ ನೋಡಿದ್ರೆ ಲೆಕ್ಕ ಸರಿ ಬರುತ್ತೆ, ನಕ್ಷೆ ಮಾತ್ರ ಹಳೇದು!

ಹರಿಹರದ ಹತ್ತಿರ ತುಂಗಭದ್ರಾ ದಂಡೆಯಲ್ಲಿ ನಮ್ಮ ಸೋದರಮಾವನ ಭತ್ತದ ಗದ್ದೆ ಇದೆ. ಮೇಲೆ ಜೋರು ಮಳೆಯಾಗಿ ಡ್ಯಾಮಿನಿಂದ ನೀರು ಬಿಟ್ರೆ ಹೊಳೆ ಗದ್ದೆಗೇ ಬರುತ್ತೆ. ಒಂದು ವರ್ಷ ಹಂಗೇ ಆಗಿ, ಬೆಳೆ ಪರಿಹಾರಕ್ಕೆ ಅರ್ಜಿ ಹಾಕೋಕೆ ಮಾವ, ಅಕ್ಕಪಕ್ಕದ ರೈತರು ಸೇರಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಮೊಬೈಲ್‌ನಲ್ಲಿ ಗುರುತು ಹಾಕ್ಕೊಂಡ್ರು. ಸರ್ವೆ ನಂಬರಿನ ಗಡಿಗಳ ಫೈಲನ್ನು ಯಾರೋ ಪರಿಚಯದವರು ಕೊಟ್ಟರು. ಅದರಲ್ಲಿ ಪಿಆರ್‌ಜೆ ಇರಲಿಲ್ಲ.

ಆರ್ ಓದಿ ಹೇಳಿದ್ದು: ಸಿಆರ್‌ಎಸ್, ಎನ್‌ಎ. ಅಂದ್ರೆ ಅಂಕಿ ಇದೆ, ಯಾವ ಅಳತೆಯದ್ದು ಗೊತ್ತಿಲ್ಲ. ಅಂಕಿಗಳು 75.8, 14.5 ಅಂತಿದ್ದವು, ನೋಡೋಕೆ ಥೇಟ್ ಮೊಬೈಲ್ ಜಿಪಿಎಸ್ ಅಂಕಿಗಳೇ. ಉಪಗ್ರಹ ಚಿತ್ರದ ಮೇಲೆ ಹಾಕಿದೆ. ಮಾವ ಕನ್ನಡಕ ಏರಿಸಿ ನೋಡಿದ್ರು.

‘ಏನವ್ವಾ, ನಮ್ಮ ಗದ್ದೀನ ಹೊಳ್ಯಾಗ ಹಾಕೇತಲ್ಲ ಇದು? ಹಿಂಗ ಕೊಟ್ರ ಸಾಹೇಬ್ರು, ನದಿಯಾಗ ಯಾರಪ್ಪ ನಾಟಿ ಮಾಡ್ಯಾರ ಅಂತ ಕೇಳ್ತಾರ.’

ಬರೀ ಅವರ ಗದ್ದೆ ಅಲ್ಲ, ಎಲ್ಲವೂ ಒಂದೇ ದಿಕ್ಕಿಗೆ ನೂರು ಮೀಟರಿಗೂ ಹೆಚ್ಚು ಸರಿದಿದ್ದವು. ಒಂದೇ ಅಳತೆಯಲ್ಲಿ, ಒಂದೇ ದಿಕ್ಕಿಗೆ ಸರಿದಿದೆ ಅಂದ್ರೆ ಕೈತಪ್ಪಲ್ಲ. ಭಾರತದ ಹಳೇ ಸರ್ವೆ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಹೆಸರಿನ ಲೆಕ್ಕ ಹಿಡಿದಿದ್ದವು (ಹೌದು, ಪರ್ವತಕ್ಕೆ ಹೆಸರು ಕೊಟ್ಟ ಅದೇ ಸರ್ವೆ ಅಧಿಕಾರಿ). ಮೊಬೈಲ್ ಹಿಡಿಯೋದು ಡಬ್ಲ್ಯುಜಿಎಸ್ 84. ಅಂಕಿ ಅದೇ ಇದ್ರೂ ನೆಲದ ಮೇಲೆ ಜಾಗ ಬೇರೆ.

ಇಲ್ಲಿ ಆರ್‌ನಲ್ಲಿ ಎರಡು ಆಜ್ಞೆ ಇವೆ. ‘ಸೆಟ್ ಸಿಆರ್‌ಎಸ್’ ಬರೀ ಚೀಟಿ ಅಂಟಿಸುತ್ತೆ, ‘ಟ್ರಾನ್ಸ್‌ಫಾರ್ಮ್’ ನಿಜವಾಗಿ ಬದಲಿಸುತ್ತೆ. ಸೇರಿನಲ್ಲಿ ಅಳೆದ ಮಂಡಕ್ಕಿ ಚೀಲದ ಮೇಲೆ ‘ಇಷ್ಟು ಕೆಜಿ’ ಅಂತ ಬರೆದ್ರೆ ಮಂಡಕ್ಕಿ ತೂಗಿದಂಗಾಗಲ್ಲ. ಮೊದಲು ‘ಇದು ಸೇರು’ ಅಂತ ಒಪ್ಪಿ ಚೀಟಿ ಹಚ್ಚಬೇಕು, ಆಮೇಲೆ ತಕ್ಕಡಿ. ನಾನೂ ಮೊದಲು ಹಳೇ ಭಾರತೀಯ ಅಳತೆ, ಕಲ್ಯಾಣಪುರ 1975 ಅಂತ ಹೇಳಿ, ಆಮೇಲೆ ಬದಲಿಸಿದೆ. ಗದ್ದೆಗಳು ದಂಡೆಗೆ ಹತ್ತಿ ಕೂತವು. ಮಾವ ಬೆರಳಿಟ್ಟು ಬಾವಿ, ಬದು, ಬಂಡಿದಾರಿ ಒಂದೊಂದೇ ಹೊಂದಿಸಿ ನೋಡಿ ಹ್ಞೂಂ ಅಂದ್ರು.

ಈ ಲೆಕ್ಕದಲ್ಲೂ ಹತ್ತಿಪ್ಪತ್ತು ಮೀಟರ್ ಆಚೀಚೆ ಉಳಿಯಬಹುದು. ಹಾಗಾಗಿ ನೀರಿನ ಗೆರೆ ಅಂಚಲ್ಲೇ ಹಾದುಹೋದ ಎರಡು ನಂಬರುಗಳನ್ನು ನಕ್ಷೆ ನಂಬದೆ ನಡೆದೇ ನೋಡಿಕೊಂಡು ಬಂದ್ವಿ. ಒಂದು ಮುಳುಗಿತ್ತು, ಒಂದು ಇಲ್ಲ. ಇಲ್ಲದ್ದನ್ನ ಪಟ್ಟಿಯಿಂದ ತೆಗೆದಾಗ ಅದರ ಯಜಮಾನರ ಮುಖ ಸಣ್ಣದಾಯ್ತು, ಆದ್ರೆ ಅವರೇನೂ ಅನ್ನಲಿಲ್ಲ.

ಸರಿಮಾಡಿದ ನಕ್ಷೆಯನ್ನ ಈ ಸಲ ಜಿಯೋಪ್ಯಾಕೇಜ್ ಮಾಡಿ ಇಟ್ಟೆ. ಅದು ನಿಜವಾಗಿ ಒಂದೇ ಫೈಲ್, ಚೀಟಿ ಒಳಗೇ ಇರುತ್ತೆ. ರೈತರ ಹೆಸರು ಕನ್ನಡದಲ್ಲೇ ಹಾಕಿದ್ರೂ ಅಕ್ಷರ ಚೌಕ ಚೌಕ ಆಗಲಿಲ್ಲ. ಮಾವ ಅದರ ನಾಲ್ಕು ಪ್ರಿಂಟ್ ತಗೊಂಡು ಅರ್ಜಿ ಜೊತೆ ಕೊಟ್ಟು ಬಂದ್ರು.