ಜೀಪು ಬರುವ ಮುಂಚೆ

2024ರ ಆರಂಭದಿಂದಲೇ ನಮ್ಮ ಮನೆಯಲ್ಲಿ ಒಂದೇ ಮಾತು: ಮಹೀಂದ್ರಾದ ಐದು ಬಾಗಿಲಿನ ಥಾರ್ ಯಾವಾಗ ಬರುತ್ತದೆ? ದ್ವಿತೀಯ ಪಿಯುಸಿಯ ಮಗ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪಟ್ಟಿ ಮಾಡಿಟ್ಟಿದ್ದ: ಎಂಜಿನ್ ಯಾವುದು, ಕರೆಂಟಿನಿಂದ ಏನೇನು ನಡೆಯುತ್ತದೆ, ಮಾದರಿಗಳೆಷ್ಟು. ಸಿಇಟಿ ಪುಸ್ತಕಕ್ಕಿಂತ ಆ ಹಾಳೆಯೇ ಹೆಚ್ಚು ಸವೆದಿತ್ತು. ನನಗೋ ಸಿಟ್ಟು.

ಒಂದು ಸಂಜೆ ಗದರಲು ಹೋದವನು ಪಕ್ಕದಲ್ಲೇ ಕೂತೆ. ಕಳಸದ ಕಡೆ ನಮ್ಮಪ್ಪ ಓಡಿಸುತ್ತಿದ್ದ ಡೀಸೆಲ್ ಜೀಪು ಮಳೆಗಾಲದಲ್ಲಿ ಬ್ಯಾಟರಿ ಸತ್ತು ನಿಂತರೆ, ಇಳಿಜಾರಿನಲ್ಲಿ ತಳ್ಳಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಸಾಕು, ಹೊರಡುತ್ತಿತ್ತು ಎಂದೆ.

"ಅಪ್ಪಾ, ಡೀಸೆಲ್‌ಗೆ ಕಿಡಿ ಬೇಡ. ಒತ್ತಿದ ಗಾಳಿಯ ಬಿಸಿಗೇ ಹೊತ್ತಿಕೊಳ್ಳುತ್ತೆ. ಈಗಿನ ಗಾಡೀಲಿ ಡೀಸೆಲ್ ಹನಿಯನ್ನೂ ಕಂಪ್ಯೂಟರೇ ಅಳೆದು ಬಿಡೋದು. ಬ್ಯಾಟರಿ ಪೂರ್ತಿ ಸತ್ತರೆ ಎಷ್ಟು ತಳ್ಳಿದರೂ ಅಷ್ಟೆ" ಎಂದ.

ಹುಡುಗುತನವಿಡೀ ಜೀಪು ತಳ್ಳಿದ ನನಗೆ ಕಾರಣ ತಿಳಿದದ್ದು ಅಂದು!

ಆಗಸ್ಟಿನಲ್ಲಿ ಥಾರ್ ರಾಕ್ಸ್ ಬಂತು. 2 ಲೀಟರಿನ ಪೆಟ್ರೋಲ್, 2.2 ಲೀಟರಿನ ಡೀಸೆಲ್; ನಾಲ್ಕೂ ಚಕ್ರಕ್ಕೆ ಬಲ ಡೀಸೆಲ್‌ನಲ್ಲಿ ಮಾತ್ರ. ಮಗ ಕಾದಿದ್ದ ಪೆಟ್ರೋಲ್ ಫೋರ್‌ವೀಲ್ ಇರಲಿಲ್ಲ. ಬೆಲೆ 12.99 ಲಕ್ಷ ರೂಪಾಯಿಯಿಂದ ಶುರು ಎಂದಾಗ ಕೊಳ್ಳುವ ಮಾತೂ ಮುಗಿಯಿತು.

ಅದೇ ವರ್ಷ ಅವನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ. ಆ ಹಾಳೆಯನ್ನು ನಾನು ಹರಿದು ಹಾಕಲಿಲ್ಲವಲ್ಲ ಎಂಬುದೇ ಈಗ ಸಮಾಧಾನ.