ಹಳದಿ ನಡುವೆ ಒಂದು ನೀಲಿ ಚೌಕ

ಬೆಳಗಿನ ಆರೂವರೆ. ಹಾಲಿನವನು ಬಂದುಹೋಗಿದ್ದಾನೆ, ಶಾಲೆ ವ್ಯಾನಿನ ಹಾರ್ನ್ ಇನ್ನೂ ಕೇಳಿಲ್ಲ. ದಕ್ಷಿಣ ಬೆಂಗಳೂರಿನ ನಮ್ಮ ಅಡ್ಡರಸ್ತೆಯ ಆಚೆ ಬದಿ, ಕಾಂಪೌಂಡಿಗೆ ಟೇಪಿನ ತುದಿ ಒತ್ತಿ ಹಿಡಿದು ಟೀಚರ್ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಇನ್ನೊಂದು ತುದಿ ನನ್ನ ಕೈಯಲ್ಲಿ.

"ಜೋತು ಬೀಳ್ತಿದೆ, ಬಿಗಿಯಾಗಿ ಹಿಡೀರಿ."

ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎಪ್ಪತ್ತು ದಾಟಿದೆ, ಅರ್ಧ ಇಂಚು ಬಿಟ್ಟುಕೊಡುವವರಲ್ಲ. ಗೋಡೆಯಿಂದ ಗೋಡೆಗೆ 38 ಅಡಿ 4 ಇಂಚು. ಎದುರುಮನೆ ಹುಡುಗ ಮೊಬೈಲಿನಲ್ಲಿ ಲೆಕ್ಕ ಹಾಕುತ್ತಾನೆ: 11.68 ಮೀಟರ್. ನಿನ್ನೆ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ನೋಡಿಬಂದ ಅರ್ಜಿಯ ನಕ್ಷೆಯಲ್ಲಿ ಇದೇ ರಸ್ತೆಗೆ 12.2 ಮೀಟರ್ ಎಂದು ಬರೆದಿದೆ. ಚರಂಡಿ, ಫುಟ್‌ಪಾತ್ ಕಳೆದು ಡಾಂಬರು ಮಾತ್ರ ಅಳೆದರೆ 23 ಅಡಿ. ಎರಡೂ ಬದಿಗೆ ಕಾರು ನಿಂತ ಮೇಲೆ ಉಳಿಯುವುದು 11.

ಮೂಲೆಮನೆಯ ಮುಂದೆ ಹೊಂಗೆ ಮರ. ಅದರ ಕಾಂಡದ ಸುತ್ತಳತೆಯನ್ನೂ ಟೀಚರ್ ಬರೆಸುತ್ತಾರೆ. ಹೊಸ ಕಟ್ಟಡದ ಗೇಟು ನಕ್ಷೆಯಲ್ಲಿ ಸರಿಯಾಗಿ ಈ ಮರ ನಿಂತ ಜಾಗಕ್ಕೇ ಬರುತ್ತದೆ. ನಕ್ಷೆಯಲ್ಲಿ ಮರವಿಲ್ಲ.

ಆ ಮೂಲೆಮನೆಯನ್ನು ಒಮ್ಮೆ ನೋಡಿ. ಕೆಂಪು ಗಾರೆ ನೆಲ, ಕಲ್ಲಿನ ಮೆಟ್ಟಿಲು, ಬೀಗ ಹಾಕಿದ ಗೇಟಿಗೆ ಸುತ್ತಿಕೊಂಡ ಮಲ್ಲಿಗೆ ಬಳ್ಳಿ. ಅದನ್ನು ಕೆಡವಿ ಐದು ಅಂತಸ್ತಿನ ಕಚೇರಿ ಕಟ್ಟಡ ಕಟ್ಟಲು ಮಾಲೀಕರು ಅರ್ಜಿ ಹಾಕಿದ್ದಾರೆ. ನಮಗೆ ಗೊತ್ತಾಗಿದ್ದು ಪತ್ರಿಕೆಯ ಒಳಪುಟದ ಬೆಂಕಿಪೊಟ್ಟಣದಷ್ಟು ಪ್ರಕಟಣೆಯಿಂದ. ವಸತಿಯಿಂದ ವಾಣಿಜ್ಯಕ್ಕೆ ಭೂ ಬಳಕೆ ಬದಲಾವಣೆ. ಆಕ್ಷೇಪಣೆ ಇದ್ದವರು 15 ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಕಲಂ 14-ಎ ಬೀದಿಯ ಜನರಿಗೆ ಕೊಟ್ಟಿರುವ ಅವಕಾಶ ಇದು. ಪತ್ರಿಕೆ ಕೊಳ್ಳದ ಮನೆಗೆ ಈ ಅವಕಾಶ ತಲುಪುವುದೇ ಇಲ್ಲ. ನಾವು ನೋಡುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು.

ಅಂದು ಸಂಜೆ ಟೀಚರ್ ಮನೆಯ ಜಗುಲಿಯಲ್ಲಿ ಹದಿನೆಂಟು ಜನ. ನೆಮ್ಮದಿ ಹೋಯಿತು ಎಂದರು ಒಬ್ಬರು. ಮಕ್ಕಳು ಇನ್ನು ಬೀದಿಯಲ್ಲಿ ಸೈಕಲ್ ತುಳಿಯುವ ಹಾಗಿಲ್ಲ ಎಂದರು ಇನ್ನೊಬ್ಬರು. ನೀರಿಗೇನು ಗತಿ ಎಂದು ಮೂಲೆಯಿಂದ ದನಿ ಬಂತು. ಎಲ್ಲವನ್ನೂ ಕೇಳಿಸಿಕೊಂಡ ಟೀಚರ್ ಲೋಟ ಕೆಳಗಿಟ್ಟು ಹೇಳಿದರು: "ಸಂಕಟಾನ ಯಾವ ಕಡತದಲ್ಲೂ ಬರೆಯೋಕಾಗಲ್ಲ. ಅಳತೆ ಬರೀಬಹುದು. ನಾಳೆ ಟೇಪು ತರ್ತೀನಿ."

ಈಗ ಆ ಅಳತೆಗಳೆಲ್ಲ ಎರಡು ಹಾಳೆ ತುಂಬಿವೆ. ರಸ್ತೆಯ ಅಗಲ ಮೊದಲು, ಏಕೆಂದರೆ ನಿವೇಶನದ ಮೇಲೆ ಎಷ್ಟು ಕಟ್ಟಬಹುದು ಎನ್ನುವುದು ಮುಂದಿನ ರಸ್ತೆಯ ಅಗಲವನ್ನೂ ಅವಲಂಬಿಸಿದೆ. ಆಮೇಲೆ ಕಾರು. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ನಿಯಮದಂತೆ ಕಚೇರಿಯ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗ ಬೇಕು; 1,000 ಚದರ ಮೀಟರಿಗೆ 20. ನಕ್ಷೆಯ ನೆಲಮಾಳಿಗೆಯಲ್ಲಿ 20 ಚೌಕಗಳನ್ನು ಅಚ್ಚುಕಟ್ಟಾಗಿ ಬರೆದಿದ್ದಾರೆ. ಊಟ ತರುವ ಹುಡುಗರ ಬೈಕು, ಬಂದುಹೋಗುವವರ ಟ್ಯಾಕ್ಸಿ, ನೀರಿನ ಟ್ಯಾಂಕರ್ ನಿಲ್ಲುವುದು ಆ 11 ಅಡಿಯಲ್ಲೇ. ಬೆಂಕಿ ಬಿದ್ದ ದಿನ ಸುಮಾರು 8 ಅಡಿ ಅಗಲದ ಅಗ್ನಿಶಾಮಕ ವಾಹನ ಬರಬೇಕಾದ್ದೂ ಅದರಲ್ಲೇ.

ವಿಚಾರಣೆಯ ದಿನ. ಕಚೇರಿಯ ಕಾರಿಡಾರಿನ ಬೆಂಚಿನ ಮೇಲೆ ಒಂಬತ್ತು ಜನ ಒತ್ತಿಕೊಂಡು ಕೂತಿದ್ದೇವೆ. ನಮ್ಮ ಆಕ್ಷೇಪಣೆಯ, ಟಪಾಲು ವಿಭಾಗದ ಮೊಹರು ಬಿದ್ದ ಸ್ವೀಕೃತಿ ಪ್ರತಿಯನ್ನು ಟೀಚರ್ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದಾರೆ. ಪಕ್ಕದ ಬೀದಿಯ ವಕೀಲರು ತಗ್ಗಿದ ದನಿಯಲ್ಲಿ ಧೈರ್ಯ ಹೇಳುತ್ತಿದ್ದಾರೆ: ಇದೇ ಊರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ಖಾಸಗಿ ಆಸ್ಪತ್ರೆಗೆ ಹೋದಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು, 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಬಡಾವಣೆಯಲ್ಲಿ ಬಾಳುವವರಿಗೆ ಅದರ ಬಗ್ಗೆ ಪ್ರಶ್ನೆ ಕೇಳುವ ಹಕ್ಕಿದೆ ಎನ್ನುವ ಮಾತು ಅಲ್ಲಿ ಗಟ್ಟಿಯಾಯಿತು. ಟೀಚರ್ ತಲೆದೂಗುತ್ತಾರೆ, ಕವರನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ.

ಒಳಗೆ ಕರೆಯುತ್ತಾರೆ. ಮೇಜಿನ ತುಂಬ ನಕ್ಷೆ. ನಮ್ಮ ಬೀದಿ, ಅದರ ಆಚೀಚಿನ ಬೀದಿಗಳು, ಎಲ್ಲವೂ ಹಳದಿ. ಹಳದಿ ಎಂದರೆ ವಸತಿ. ನೀಲಿ ಎಂದರೆ ವಾಣಿಜ್ಯ. ಅಧಿಕಾರಿಯ ಪೆನ್ಸಿಲ್ ತುದಿ ಹಳದಿ ನಡುವಿನ ಒಂದು ಚೌಕದ ಮೇಲೆ ನಿಂತಿದೆ. ಅದು ನೀಲಿಯಾಗಬೇಕೋ ಬೇಡವೋ ಎನ್ನುವುದೇ ಇವತ್ತಿನ ಮಾತು.

ಮಾಲೀಕರು ಮೊದಲು ಎದ್ದರು. ಅಪ್ಪ ಸಾಲ ಮಾಡಿ ಕಟ್ಟಿದ ಮನೆ, ಮೂರು ಜನ ಮಕ್ಕಳ ಪಾಲು, ಮುಖ್ಯರಸ್ತೆಯಲ್ಲಿ ಆಗಲೇ ಅಂಗಡಿಗಳಿವೆ, ನನ್ನ ಜಾಗದಿಂದ ನಾನೊಂದಿಷ್ಟು ಆದಾಯ ಕಾಣಬಾರದೇ? ದನಿ ನಡುಗುತ್ತಿತ್ತು. ಅವರ ಮಾತು ಸುಳ್ಳಲ್ಲ. ನಮ್ಮ ಜೊತೆ ಇದೇ ಬೀದಿಯಲ್ಲಿ ಗೋಲಿ ಆಡಿದವರು ಅವರು.

ಟೀಚರ್ ಅವರ ಕಡೆಗೆ ತಿರುಗಿಯೇ ಶುರುಮಾಡಿದರು. "ನಿನ್ನ ಮನೆ ನಿಂದೇ ಕಣಪ್ಪ. ರಸ್ತೆ ಎಲ್ಲರದ್ದು. ನಾನು ರಸ್ತೆ ವಿಷಯ ಮಾತ್ರ ಹೇಳ್ತೀನಿ." ಆಮೇಲೆ ಒಂದೊಂದೇ ಅಂಕಿ, ಪಾಠ ಒಪ್ಪಿಸಿದ ಹಾಗೆ. 38 ಅಡಿ 4 ಇಂಚು. 23. 11. ಕೊನೆಗೆ ಮರದ ಸುತ್ತಳತೆ. ಅದನ್ನು ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು ಎನ್ನುವ ಮಾತು.

ಅಧಿಕಾರಿ ಪೆನ್ಸಿಲ್ ಎತ್ತಿದರು. "ಮರ ಎಲ್ಲಿದೆ?"

ನಕ್ಷೆಯ ಮೇಲೆ ಹತ್ತು ಬೆರಳುಗಳು ಒಟ್ಟಿಗೇ ಬಿದ್ದವು. ಮಾಲೀಕರ ಬೆರಳೂ ಅದರಲ್ಲಿತ್ತು.

ಐದು ದಿನದ ಮೇಲೆ ಸ್ಥಳ ಪರಿಶೀಲನೆ. ಜೀಪು ಮುಖ್ಯರಸ್ತೆಯಿಂದ ತಿರುಗಿ ನಮ್ಮ ಬೀದಿಗೆ ಬಂದಾಗ ಎದುರಿಗೆ ಶಾಲೆಯ ವ್ಯಾನ್. ಎರಡೂ ನಿಂತವು. ವ್ಯಾನ್ ಹಿಂದಕ್ಕೆ ಸರಿಯುವವರೆಗೆ ಜೀಪಿನೊಳಗೆ ಕೂತು ಅಧಿಕಾರಿ ಕಾದರು. ಯಾರೂ ಏನೂ ಹೇಳಬೇಕಾಗಲಿಲ್ಲ.

ತೀರ್ಮಾನ ಇನ್ನೂ ಬಂದಿಲ್ಲ. ಸರ್ಕಾರದ ಪೂರ್ವಾನುಮೋದನೆಯೂ ಆಗಬೇಕು. ಕಡತ ದೂರ ಹೋಗುವುದಿದೆ. ಬಣ್ಣ ಬದಲಾದರೂ ಆಗಬಹುದು. ಆದರೆ ನೆಲ ಅಗೆಯುವ ಮೊದಲು ಅಧಿಕಾರಿ ಈ ಹೊಂಗೆಯ ನೆರಳಿನಲ್ಲಿ ಬಂದು ನಿಲ್ಲಬೇಕಿತ್ತು. ನಾವು ಕೇಳಿದ್ದು ಇದನ್ನೇ.

ಅಧಿಕಾರಿ ಟೇಪು ಬೇಕೆಂದು ಕೈ ಚಾಚುತ್ತಾರೆ. ನಾನು ಕೊಡುತ್ತೇನೆ. ಟೀಚರ್ ಆಗಲೇ ಇನ್ನೊಂದು ತುದಿ ಎಳೆದುಕೊಂಡು ರಸ್ತೆ ದಾಟಿ, ಕಾಂಪೌಂಡಿಗೆ ಒತ್ತಿ ಹಿಡಿದಿದ್ದಾರೆ.

"ಜೋತು ಬೀಳ್ತಿದೆ ಸಾರ್. ಬಿಗಿಯಾಗಿ ಹಿಡೀರಿ."